ಹಾರ್ನ್ ಡಾಕ್ಟರು ಬ್ಯಾಂಕಾಕಿಗೆ ಹೋದದ್ದು

ದಾವಣಗೆರೆ

ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ನನ್ನದೊಂದು ಹಾರ್ನ್ ಅಂಗಡಿ ಇದೆ. ಬ್ಯಾಟರಿ, ಬಲ್ಬು, ವೈರಿನ ಕೆಲಸವನ್ನೂ ಮಾಡುತ್ತೇನೆ. ಆದರೆ ಜನ ಹುಡುಕಿಕೊಂಡು ಬರುವುದು ಹಾರ್ನಿಗೆ. ಹಾರ್ನಿನ ಬೆನ್ನಿಗೆ ಒಂದು ಸಣ್ಣ ಸ್ಕ್ರೂ ಇರುತ್ತದೆ. ಅದನ್ನು ಕೂದಲೆಳೆಯಷ್ಟು ಆಚೀಚೆ ತಿರುಗಿಸಿದರೆ ಗಂಟಲು ಕಟ್ಟಿದ ಹಾರ್ನು ಬಾಯಿ ಬಿಡುತ್ತದೆ. ಆ ಕೆಲಸಕ್ಕೆ ನನ್ನ ಹತ್ತಿರ ಯಾವ ಮೀಟರೂ ಇಲ್ಲ, ಕಿವಿಯೇ ಮೀಟರು. ಹಾರ್ನನ್ನು ಕಿವಿಯ ಪಕ್ಕ ಹಿಡಿದು ಒತ್ತುತ್ತೇನೆ, ತಿರುಗಿಸುತ್ತೇನೆ, ಮತ್ತೆ ಒತ್ತುತ್ತೇನೆ. ದನಿ ಸರಿ ಅನ್ನಿಸುವವರೆಗೆ ಬಿಡುವವನಲ್ಲ. ಆವರಗೆರೆಯಲ್ಲಿ ನನ್ನ ಹಾರ್ನ್ ಒತ್ತಿದರೆ ಮಾಯಕೊಂಡದ ಎಮ್ಮೆ ರಸ್ತೆ ಬಿಟ್ಟು ಇಳಿಯುತ್ತದೆ ಎಂದು ಗಿರಾಕಿಗಳು ಹೇಳುತ್ತಾರೆ. ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ. ಊರಿನಲ್ಲಿ ನನಗೆ ಹಾರ್ನ್ ಡಾಕ್ಟರು ಎಂದು ಹೆಸರು.

ನಮ್ಮಲ್ಲಿ ಹಾರ್ನ್ ಹೊಡೆಯುವುದೆಂದರೆ ಮಾತಾಡಿದಂತೆಯೇ. ಒಂದು ಸಲ ಒತ್ತಿದರೆ ಬಂದೆ ಎಂದರ್ಥ. ಎರಡು ಸಲ ಒತ್ತಿದರೆ ಎದುರಿಗೆ ಬರುವ ಗೆಳೆಯನಿಗೆ ಊಟ ಆಯ್ತೇನು ಎಂದು ಕೇಳಿದಂತೆ. ಕೆಂಪು ದೀಪ ಇರುವಾಗಲೇ ಒತ್ತಿದರೆ ದೀಪಕ್ಕೇ ಬುದ್ಧಿ ಹೇಳಿದಂತೆ. ಇದರ ಮೇಲೆ ಮದುವೆ ಮೆರವಣಿಗೆಯ ಡಿಜೆ, ಸೈಲೆನ್ಸರ್ ಕಿತ್ತ ಬೈಕು, ಈರುಳ್ಳಿ ಗಾಡಿಯ ಮೈಕು, ಬಸ್ಸಿನಲ್ಲಿ ಪಕ್ಕದವನ ಮೊಬೈಲಿನ ಹಾಡು. ಇಷ್ಟರ ನಡುವೆ ಒಬ್ಬರ ಮಾತು ಒಬ್ಬರಿಗೆ ಮುಟ್ಟಬೇಕಾದರೆ ಕೂಗಲೇಬೇಕು. ಕೂಗಿ ಕೂಗಿ ನಮಗೆ ಅದೇ ಸಹಜ ದನಿಯಾಗಿದೆ.

ನನ್ನ ಹೆಂಡತಿ ಗಿರಿಜಾ ಹರಿಹರದವಳು. ಎರಡು ವರ್ಷದಿಂದ ಅವಳದು ಒಂದೇ ಹಟ, ನನ್ನ ಕಿವಿಯನ್ನು ಡಾಕ್ಟರಿಗೆ ತೋರಿಸಬೇಕೆಂದು. ನನ್ನದೂ ಒಂದೇ ಉತ್ತರ: ನನ್ನ ಕಿವಿಗೆ ಏನೂ ಆಗಿಲ್ಲ, ಇದೆಲ್ಲ ಊರಿನ ಗದ್ದಲ. ಹಾಗೆ ಹೇಳುತ್ತಿದ್ದರೂ ಒಳಗೊಳಗೇ ಹೆದರಿಕೆ ಇತ್ತು, ಅದನ್ನು ಒಪ್ಪಿಕೊಳ್ಳುತ್ತೇನೆ. ಹಾರ್ನ್ ಡಾಕ್ಟರಿಗೇ ಕಿವಿ ಕೇಳಿಸುವುದಿಲ್ಲ ಎಂದು ಊರಿಗೆ ಗೊತ್ತಾದರೆ ನನ್ನ ಅಂಗಡಿ ಮೆಟ್ಟಿಲು ಯಾರು ಹತ್ತುತ್ತಾರೆ? ಆ ಒಂದು ಕಿವಿಯ ಮೇಲೆಯೇ ನನ್ನ ಹೆಸರು, ಅನ್ನ ಎರಡೂ ನಿಂತಿದ್ದವು.

ಹೀಗಿರುವಾಗ ಹಾರ್ನ್ ಕಂಪನಿಯವರು ಒಳ್ಳೆ ವ್ಯಾಪಾರ ಮಾಡಿದ ಡೀಲರುಗಳನ್ನು ಹೆಂಡತಿಯರ ಸಮೇತ ಥಾಯ್ಲೆಂಡಿಗೆ ಕರೆದುಕೊಂಡು ಹೋಗುವುದಾಗಿ ಹೇಳಿದರು. ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು. ಪಕ್ಕದ ಪಂಕ್ಚರ್ ಅಂಗಡಿಯ ರಫೀಕ್ ಸಾಹೇಬರು ನನ್ನ ಹಳೆಯ ಸ್ನೇಹಿತರು. ಬ್ಯಾಂಕಾಕಿಗೆ ಹೆಂಡತಿಯನ್ನು ಕರೆದುಕೊಂಡು ಹೋಗುವವನನ್ನು ಇದೇ ಮೊದಲು ನೋಡುತ್ತಿದ್ದೇನೆ ಎಂದು ನಕ್ಕು, ಅಂಗಡಿಯ ಬೀಗದ ಕೈ ಇಸಿದುಕೊಂಡರು.

ಅಲ್ಲಿಗೆ ಹೋಗಿಬಂದ ಸಿಮೆಂಟ್ ಡೀಲರೊಬ್ಬರು ಒಂದು ವಿಚಿತ್ರ ಸುದ್ದಿ ಹೇಳಿದರು. ಆ ಊರಿನಲ್ಲಿ ಯಾರೂ ಹಾರ್ನ್ ಹೊಡೆಯುವುದೇ ಇಲ್ಲವಂತೆ. ನಾನು ನಂಬಲಿಲ್ಲ. ಗಿರಿಜಾ ನಂಬಿದಳು, ನಂಬಿ ಅಲ್ಲೇ ಒಂದು ಪಣ ಕಟ್ಟಿದಳು.

“ನೋಡ್ರಿ, ಅಲ್ಲಿ ನಾನು ಕೂಗಲ್ಲ, ಮೆತ್ತಗೆ ಮಾತಾಡ್ತೀನಿ. ನಿಮಗೆ ಕೇಳಿಸಿದ್ರೆ ಇನ್ನು ಡಾಕ್ಟ್ರ ಹೆಸರು ಎತ್ತಲ್ಲ. ಕೇಳಿಸದಿದ್ರೆ, ಊರಿಗೆ ಬಂದ ಮಾರನೇ ದಿನ ಸುಮ್ನೆ ನನ್ನ ಹಿಂದೆ ಬರ್ಬೇಕು.”

ನಾನು ಮೀಸೆ ತಿರುವಿ ಒಪ್ಪಿಕೊಂಡೆ.

ಬ್ಯಾಂಕಾಕ್, ಮೊದಲ ದಿನ

ವಿಮಾನ ನಿಲ್ದಾಣದಿಂದ ಹೊರಟ ನಮ್ಮ ಬಸ್ಸು ಸ್ವಲ್ಪ ಹೊತ್ತಿಗೆಲ್ಲ ವಾಹನಗಳ ನಡುವೆ ಸಿಕ್ಕಿ ನಿಂತಿತು. ಕಿಟಕಿಯಿಂದ ನೋಡಿದರೆ ಹಿಂದೆ ಮುಂದೆ ಕಣ್ಣು ಹಾಯುವಷ್ಟು ದೂರ ಕಾರು, ಬಸ್ಸು, ಸ್ಕೂಟರು. ಬಿಸಿಲು ನಮ್ಮದೇ ಬಿಸಿಲು. ಸ್ಕೂಟರುಗಳೂ ನಮ್ಮಂಥವೇ. ಮೂವರು ಕೂತ ಬೈಕು ಕಂಡಾಗಂತೂ ನೆಂಟರನ್ನು ನೋಡಿದಷ್ಟು ಖುಷಿಯಾಯಿತು. ಆದರೆ ಒಂದೇ ಒಂದು ಹಾರ್ನ್ ಇಲ್ಲ. ದೀಪ ಕೆಂಪಿದ್ದದ್ದು ಕೆಂಪೇ ಇತ್ತು, ಜನ ಸುಮ್ಮನೆ ಕೂತಿದ್ದರು. ಯಾರೋ ದೊಡ್ಡವರು ತೀರಿಕೊಂಡಿದ್ದಾರೇನೋ ಎಂದು ಮೊದಲು ಅನ್ನಿಸಿತು.

ಬಸ್ಸಿನ ತುಂಬ ಹಾರ್ನ್ ಡೀಲರುಗಳು. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇಲ್ಲಿ ಅಂಗಡಿ ಇಟ್ಟರೆ ನೊಣ ಹೊಡೆಯಬೇಕಾಗುತ್ತದೆ ಎಂದು ರಾಯಚೂರಿನ ಡೀಲರೊಬ್ಬರು ಚಿಂತೆಯಿಂದ ಹೇಳಿದರು. ನಮ್ಮ ಕಂಪನಿಯವರಿಗೆ ನಮ್ಮನ್ನು ಕರೆತರಲು ಇದೇ ಊರು ಯಾಕೆ ಬೇಕಿತ್ತೋ ಶಿವನೇ ಬಲ್ಲ.

ನಮ್ಮ ಗೈಡ್ ಮಾಲಿ ಎಂಬ ಹೆಣ್ಣುಮಗಳು. ಮಾಲಿ ಎಂದರೆ ಅವರ ಭಾಷೆಯಲ್ಲಿ ಮಲ್ಲಿಗೆಯಂತೆ. ಗೊತ್ತಾದ ತಕ್ಷಣ ಗಿರಿಜಾ ಅವಳನ್ನು ಮಲ್ಲಿ ಎಂದು ಕರೆಯತೊಡಗಿದಳು, ಅವಳೂ ತಿರುಗಿ ನೋಡತೊಡಗಿದಳು. ಸಣ್ಣ ದನಿ, ಮುರುಕು ಇಂಗ್ಲಿಷು. ಹಾರ್ನ್ ಯಾಕಿಲ್ಲ ಎಂದು ನಾನು ಕೇಳಿದ್ದಕ್ಕೆ ಅವಳು ಕೊಟ್ಟ ಉತ್ತರವನ್ನು ಗಿರಿಜಾ ನನಗೆ ಮತ್ತೆ ಹೇಳಬೇಕಾಯಿತು. ನಮ್ಮ ಇಂಗ್ಲಿಷಿಗೂ ಇವರ ಇಂಗ್ಲಿಷಿಗೂ ಹೊಂದುವುದಿಲ್ಲ ಎಂದು ನಾನು ಸಮಜಾಯಿಷಿ ಕೊಟ್ಟುಕೊಂಡೆ. ಮಾಲಿ ಹೇಳಿದ್ದಿಷ್ಟು: ಅಲ್ಲಿ ಹಾರ್ನ್ ಹೊಡೆದರೆ ಎದುರಿನವನನ್ನು ಬೈದಂತೆ. ಜೀವಕ್ಕೆ ಕುತ್ತು ಬಂದರೆ ಮಾತ್ರ ಒತ್ತುತ್ತಾರೆ. ಮುಂದಿನವನಿಗೂ ಕೆಂಪು ದೀಪ ಕಾಣುತ್ತಿದೆಯಲ್ಲ, ಅವನಿಗೆ ಹಾರ್ನ್ ಹೊಡೆದು ಏನು ಹೇಳುವುದು ಎಂದು ಅವಳು ನಮ್ಮನ್ನೇ ಕೇಳಿದಳು. ನಲವತ್ತು ಜನ ಹಾರ್ನ್ ವ್ಯಾಪಾರಿಗಳು ಒಟ್ಟಿಗೇ ಕಿಟಕಿಯ ಆಚೆ ನೋಡತೊಡಗಿದೆವು.

ಸಂಜೆ ಮೇಲ್ಸೇತುವೆಯ ರೈಲು ಹತ್ತಿದೆವು. ಡಬ್ಬಿ ತುಂಬ ಜನ, ಆದರೆ ಮಾತಿಲ್ಲ. ಹಾಗೆಂದು ಊರೇ ಮೌನವ್ರತ ಹಿಡಿದಿದೆ ಎಂದು ತಿಳಿಯಬೇಡಿ. ಡಬ್ಬಿಯೊಳಗೆ ಟಿವಿ ಇತ್ತು, ಜಾಹೀರಾತು ಒದರುತ್ತಲೇ ಇತ್ತು. ಕೆಳಗೆ ಆಟೊಗಳ ಫಟಫಟ ಸದ್ದು ನಮ್ಮ ಆಟೊಗಳನ್ನೂ ಮೀರಿಸುವಂತಿತ್ತು. ಮನುಷ್ಯರು ಮಾತ್ರ ತಮ್ಮ ಪಾಲಿನ ಗದ್ದಲವನ್ನು ಅದಕ್ಕೆ ಸೇರಿಸುತ್ತಿರಲಿಲ್ಲ. ನಾವು ಸೇರಿಸಿದೆವು. ರಾಯಚೂರಿನವರು ಅಂಗೈಯಗಲದ ಸ್ಪೀಕರ್ ತೆಗೆದು ಹಾಡು ಹಚ್ಚಿದರು. ನಾನು ಸೀಟಿನ ಹಿಡಿಕೆಗೆ ತಾಳ ಹಾಕಿದೆ. ಸುತ್ತಲಿದ್ದವರು ನಮ್ಮ ಕಡೆ ನೋಡಿ ನಕ್ಕರು. ನಮ್ಮ ಹಾಡು ಇವರಿಗೆ ಭಾಳ ಹಿಡಿಸಿದೆ ಎಂದು ಗಿರಿಜಾಗೆ ಹೇಳಿದೆ. ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು. ಆ ಊರಿನಲ್ಲಿ ನಗುವಿನಲ್ಲೂ ಹಲವು ಬಗೆ ಇವೆ, ಅದು ಬೈಗುಳದ ನಗು ಎಂದು ಮಾಲಿ ಇಳಿದ ಮೇಲೆ ಮೆಲ್ಲಗೆ ತಿಳಿಸಿದಳಂತೆ. ಅದೂ ನನಗೆ ಗಿರಿಜಾಳಿಂದಲೇ ತಿಳಿದದ್ದು.

ಹೋಟೆಲು

ಹೋಟೆಲಿನ ಕೋಣೆಗೆ ಕೀಲಿ ಇಲ್ಲ, ಕಾರ್ಡು. ಕಾರ್ಡನ್ನು ಬಾಗಿಲಿಗೆ ತೋರಿಸಬೇಕು, ಬಾಗಿಲು ಕುಂಯ್ ಎನ್ನುತ್ತದೆ, ಆಗ ಹಿಡಿಕೆ ತಿರುಗಿಸಬೇಕು. ನಾನು ತೋರಿಸಿದೆ. ಬಾಗಿಲು ಏನೂ ಅನ್ನಲಿಲ್ಲ. ಇನ್ನೊಮ್ಮೆ ತೋರಿಸಿದೆ, ಉಲ್ಟಾ ಮಾಡಿ ತೋರಿಸಿದೆ, ಅಂಗಿಗೆ ಒರೆಸಿ ತೋರಿಸಿದೆ. ಕೆಳಗಿಳಿದು ಕೌಂಟರಿನವರ ಮೇಲೆ ರೇಗಾಡಿದೆ. ಸೂಟು ತೊಟ್ಟವನೊಬ್ಬ ಮೇಲೆ ಬಂದು ಅದೇ ಕಾರ್ಡು ತೋರಿಸಿ, ಹಿಡಿಕೆ ತಿರುಗಿಸಿ, ಬಾಗಿಲು ತೆಗೆದು, ಕೈ ಮುಗಿದು ಹೋದ. ಯಂತ್ರಕ್ಕೂ ಗುರುತಿನವರು ಬೇಕು ಕಾಣುತ್ತದೆ ಎಂದೆ. ಗಿರಿಜಾ ನನ್ನನ್ನು ಒಂದು ಥರ ನೋಡಿದಳು, ಏನೂ ಹೇಳಲಿಲ್ಲ. ಹೇಳಿದ್ದಳೋ ಏನೋ.

ಪಣದ ಮಾತು ನನಗೆ ನೆನಪಿತ್ತು. ಅದಕ್ಕೆ ಒಂದು ಉಪಾಯ ಮಾಡಿಕೊಂಡಿದ್ದೆ: ಅವಳ ತುಟಿ ಅಲುಗಿದರೆ ಸಾಕು, ಹೂಂ ಎನ್ನುವುದು. ಮದುವೆಯಾದವರಿಗೆಲ್ಲ ಈ ವಿದ್ಯೆ ಸ್ವಲ್ಪಮಟ್ಟಿಗೆ ಗೊತ್ತಿರುತ್ತದೆ. ಎರಡು ದಿನ ಚೆನ್ನಾಗಿಯೇ ನಡೆಯಿತು. ಮೂರನೆಯ ದಿನ ಬೀದಿ ಬದಿಯ ಅಂಗಡಿಯಲ್ಲಿ ಸಿಕ್ಕಿಬಿದ್ದೆ. ನಾವು ಲಿಂಗ ಕಟ್ಟಿಕೊಂಡವರು, ನಮ್ಮ ಮನೆಯೊಳಗೆ ಮೊಟ್ಟೆಯೂ ಬಂದದ್ದಿಲ್ಲ. ಬಾಣಲೆಯಲ್ಲಿ ತರಕಾರಿ ಹುರಿಯುತ್ತಿದ್ದ ಹೆಂಗಸು ನನ್ನನ್ನು ಏನೋ ಕೇಳಿದಳು. ನಾನು ಅಭ್ಯಾಸಬಲದಿಂದ ಯಸ್ ಯಸ್ ಎಂದೆ. ಅವಳು ಕೇಳಿದ್ದು ಮೀನಿನ ರಸ ಹಾಕಲೇ ಎಂದು. ತಟ್ಟೆ ಬಾಯಿಯ ಹತ್ತಿರ ಹೋಗುವಷ್ಟರಲ್ಲಿ ಗಿರಿಜಾ ಕೈ ತಟ್ಟಿ ಬೀಳಿಸಿದಳು. ಅಷ್ಟೂ ದಿನದಲ್ಲಿ ಅವಳು ಕೂಗಿದ್ದು ಅದೊಂದೇ ಸಲ. ಎರಡು ಬಾಳೆಹಣ್ಣು ತಿಂದು ಆ ಹೊತ್ತು ಕಳೆದೆ, ಇದು ಪಣದ ಲೆಕ್ಕಕ್ಕೆ ಬರುವುದಿಲ್ಲ, ಆ ಅಂಗಡಿಯವಳು ಮಾತಾಡಿದ್ದು ಇಂಗ್ಲಿಷು ಎಂದು ವಾದ ಮಾಡಿದೆ.

ಕಿತ್ತಳೆ ಅಂಗಿಯವನು

ಮಾರನೆಯ ಮಧ್ಯಾಹ್ನ ಬಿಡುವಿತ್ತು. ಆ ಊರಿನ ವಾಹನದ ಬಿಡಿಭಾಗಗಳ ಬಜಾರು ನೋಡುವ ಆಸೆಯಾಯಿತು. ಅಲ್ಲಿ ಬೈಕೇ ಬಾಡಿಗೆಗೆ ಸಿಗುತ್ತದೆ. ಕಿತ್ತಳೆ ಬಣ್ಣದ ಅಂಗಿ ತೊಟ್ಟ ಸವಾರರು ಗಲ್ಲಿಯ ಬಾಯಿಯಲ್ಲಿ ಸಾಲಾಗಿ ಕೂತಿರುತ್ತಾರೆ, ಹಿಂದೆ ಕೂತರೆ ಬೇಕಾದಲ್ಲಿಗೆ ಬಿಡುತ್ತಾರೆ. ಒಂದರ ಮೇಲೆ ನಾನು, ಇನ್ನೊಂದರ ಮೇಲೆ ಗಿರಿಜಾ ಕೂತು ಹೊರಟೆವು.

ನನ್ನ ಸವಾರ ಒಳ್ಳೆಯವನು. ಆದರೆ ಮುಂದೆ ಒಂದು ಬಿಳಿ ಕಾರು, ಹಸಿರು ದೀಪ ಬಂದರೂ ನಿಂತೇ ಇತ್ತು. ಇವನು ಸುಮ್ಮನೆ ಕಾಯುತ್ತಿದ್ದ. ನಾನು ಎಷ್ಟು ಹೊತ್ತು ತಡೆದುಕೊಳ್ಳಲಿ? ನನ್ನ ಎಡಗೈ ನನ್ನನ್ನು ಕೇಳಲೇ ಇಲ್ಲ. ಹಿಂದಿನಿಂದ ಅವನ ಕಂಕುಳ ಕೆಳಗೆ ಕೈ ತೂರಿಸಿ ಹಾರ್ನ್ ಒತ್ತಿಬಿಟ್ಟೆ.

ಇಡೀ ರಸ್ತೆ ತಿರುಗಿ ನೋಡಿತು. ಸವಾರ ಬೆನ್ನು ಸೆಟೆದು ಕೂತ. ಬಿಳಿ ಕಾರಿನವನು ಗಾಬರಿಯಿಂದ ಇಳಿದು ಹಿಂದಿನ ಚಕ್ರ ನೋಡಿದ, ಡಿಕ್ಕಿ ಮುಚ್ಚಿದೆಯೇ ನೋಡಿದ, ಬಾಗಿಲಿಗೆ ಬಟ್ಟೆ ಸಿಕ್ಕಿದೆಯೇ ನೋಡಿದ. ತನ್ನ ಕಾರಿಗೆ ಏನೋ ಆಗಿದೆ, ಅದನ್ನು ಹೇಳಲು ಯಾರೋ ಪುಣ್ಯಾತ್ಮ ಹಾರ್ನ್ ಹೊಡೆದಿದ್ದಾನೆ ಎಂದು ಅವನು ತಿಳಿದಿದ್ದ. ಏನೂ ಆಗಿಲ್ಲವೆಂದು ಖಾತ್ರಿಯಾದ ಮೇಲೆ ನಮಗೇ ಕೈ ಮುಗಿದು ಹೊರಟ. ನನ್ನ ಸವಾರನೂ ಅವನಿಗೆ ಕೈ ಮುಗಿದ. ನಾನೂ ಮುಗಿದೆ. ನಾಚಿಕೆಯಿಂದ ಬೆವತುಹೋದೆ.

ಆದರೂ ನನ್ನ ವೃತ್ತಿ ಸುಮ್ಮನಿರಬೇಕಲ್ಲ. ಆ ಹಾರ್ನಿನ ದನಿ ತೀರಾ ಕುಗ್ಗಿಹೋಗಿತ್ತು, ವರ್ಷಗಟ್ಟಲೆ ಯಾರೂ ಒತ್ತಿರಲಿಲ್ಲವೇನೋ. ಬಜಾರಿನ ಹತ್ತಿರದ ಬೈಕ್ ಸ್ಟ್ಯಾಂಡಿನಲ್ಲಿ ಇಳಿದವನೇ ಕೀಲಿಗೊಂಚಲಿನ ಸ್ಕ್ರೂಡ್ರೈವರ್ ತೆಗೆದು ಸನ್ನೆಯಲ್ಲಿ ಅಪ್ಪಣೆ ಕೇಳಿದೆ. ಮಾಡಿದ ತಪ್ಪಿಗೆ ಒಂದು ಉಪಕಾರವಾದರೂ ಆಗಲಿ ಎಂದು. ಅವನು ನಕ್ಕು ತಲೆಯಾಡಿಸಿದ. ಒತ್ತಿದೆ, ತಿರುಗಿಸಿದೆ, ಕಿವಿ ಕೊಟ್ಟೆ. ಸಾಲದು. ಇನ್ನಷ್ಟು ತಿರುಗಿಸಿದೆ. ಈಗ ಸ್ವಲ್ಪ ಬಂತು. ಇನ್ನೂ ಒಂದು ಎಳೆ. ಆಗ ಸರಿಯಾದ ದನಿ ಸಿಕ್ಕಿತು. ತಲೆ ಎತ್ತಿ ನೋಡಿದರೆ ಕಿತ್ತಳೆ ಅಂಗಿಯವರೆಲ್ಲ ಕಿವಿ ಮುಚ್ಚಿಕೊಂಡು ನಗುತ್ತಿದ್ದರು. ಬೆಂಚಿನ ಕೆಳಗೆ ಮಲಗಿದ್ದ ನಾಯಿ ಎದ್ದು ಗಲ್ಲಿಯ ತುದಿಗೆ ಹೋಗಿ ಕೂತಿತು. ದಾವಣಗೆರೆಯ ಕೈಚಳಕ ಹೊರದೇಶದಲ್ಲೂ ಗೆದ್ದಿತು ಎಂದು ನನಗೆ ಹೆಮ್ಮೆಯಾಯಿತು. ಗಿರಿಜಾ ಮಾತ್ರ ಸೆರಗಿನ ಚುಂಗು ಹಿಡಿದುಕೊಂಡು ನಿಂತಿದ್ದಳು, ಮುಖ ಸಪ್ಪಗಿತ್ತು.

ಉದ್ಯಾನ, ಸಂಜೆ ಆರು ಗಂಟೆ

ಅದೇ ಸಂಜೆ ದೊಡ್ಡ ಉದ್ಯಾನವೊಂದಕ್ಕೆ ಹೋದೆವು. ಕೆರೆ, ಹುಲ್ಲು, ಓಡುವವರು, ನಡೆಯುವವರು. ನಾನು ಮೊಬೈಲಿನ ಸ್ಪೀಕರ್ ಹಾಕಿಕೊಂಡು ರಫೀಕ್ ಸಾಹೇಬರಿಗೆ ಬಿಳಿ ಕಾರಿನ ಕಥೆ ಹೇಳುತ್ತ ನಡೆಯುತ್ತಿದ್ದೆ. ಊರಿನಲ್ಲಿ ನಾವೆಲ್ಲ ಹಾಗೆಯೇ ಮಾತಾಡುವುದು, ನಮ್ಮ ಮನೆಯ ಸುದ್ದಿ ಇಡೀ ಬಸ್ಸಿಗೆ ಗೊತ್ತಿರುತ್ತದೆ. ನಡೆಯುತ್ತ ನೋಡುತ್ತೇನೆ, ಎದುರಿಗೆ ಓಡಿಬರುತ್ತಿದ್ದವರು ಇದ್ದಕ್ಕಿದ್ದಂತೆ ನಿಂತರು. ಸೈಕಲ್ಲಿನವನು ಒಂದು ಕಾಲು ಊರಿ ನಿಂತ. ಎಲ್ಲರೂ ಕಂಬಗಳಂತೆ ನೆಟ್ಟಗೆ.

ಉದ್ಯಾನದ ಧ್ವನಿವರ್ಧಕದಲ್ಲಿ ಅವರ ರಾಷ್ಟ್ರಗೀತೆ ಬರುತ್ತಿತ್ತು, ದಿನಾ ಆರಕ್ಕೆ ಬರುತ್ತದಂತೆ. ಅದು ನನಗೂ ಕೇಳಿಸುತ್ತಿತ್ತು, ಆದರೆ ಯಾವುದೋ ಹಾಡು ಎಂದುಕೊಂಡು ಅದರ ಮೇಲೆ ನನ್ನ ದನಿ ಏರಿಸಿದ್ದೆ. ಗಿರಿಜಾ ಅಂಗಿ ಹಿಡಿದು ಜಗ್ಗಿದಳು. ಇಡೀ ಉದ್ಯಾನದಲ್ಲಿ ಅಲುಗುತ್ತಿದ್ದದ್ದು ನನ್ನ ಬಾಯಿ ಒಂದೇ. ಫೋನ್ ಬಂದ್ ಮಾಡಲು ತಡಕಾಡುತ್ತಿದ್ದಾಗ, ಬಿಳಿ ಕಾರಿನವನು ಹೊಡೆದನೇನು ಎಂದು ರಫೀಕ್ ಸಾಹೇಬರ ದನಿ ಕೆರೆಯ ಆಚೆ ದಡದವರೆಗೆ ಹೋಯಿತು.

ಗೀತೆ ಮುಗಿದದ್ದೇ ತಡ, ಜನ ನಿಂತಲ್ಲಿಂದಲೇ ಓಟ ಮುಂದುವರಿಸಿದರು. ನಮ್ಮಲ್ಲಿ ಧ್ವನಿವರ್ಧಕ ಬೆಳಗಿನಿಂದ ಒದರಿದರೂ ಯಾರೂ ತಿರುಗಿ ನೋಡುವುದಿಲ್ಲ. ಇವರು ದಿನಕ್ಕೆ ಒಂದೆರಡು ಸಲ ಹಚ್ಚುತ್ತಾರೆ, ಹಚ್ಚಿದಾಗ ಊರೇ ನಿಲ್ಲುತ್ತದೆ.

ಕಾಂಚನಬುರಿ

ಕೊನೆಯ ದಿನ ಕಾಂಚನಬುರಿಗೆ ಕರೆದೊಯ್ದರು. ಬುರಿ ಎಂದರೆ ನಮ್ಮ ಪುರಿಯೇ ಎಂದು ಮಾಲಿ ಹೇಳಿದಾಗ ಗಿರಿಜಾ, ಹಂಗಾರೆ ಇದು ಕಾಂಚನಪುರಿ, ನಮ್ಮ ಕಡೆಯ ಊರಿನ ಹೆಸರೇ ಐತೆ ಎಂದು ಖುಷಿಪಟ್ಟಳು. ಕಾಡು, ನದಿ, ನದಿಯ ದಂಡೆಗೆ ಆಕಾಶ ಮುಟ್ಟುವ ಮರಗಳು. ಮಧ್ಯಾಹ್ನದ ಊಟವಾದ ಮೇಲೆ ಮರಗಳ ಕೆಳಗೆ ಹಾಕಿದ್ದ ಕುರ್ಚಿಗೆ ಒರಗಿದೆ. ನೆರಳು, ತಣ್ಣನೆ ಗಾಳಿ, ಹೊಳೆಯುವ ನೀರು. ನಮ್ಮವರೆಲ್ಲ ಯಾಕೋ ಒಬ್ಬೊಬ್ಬರೇ ಎದ್ದು ಒಳಗೆ ಹೋದರು. ಇಂಥ ಜಾಗ ಬಿಟ್ಟು ಎಸಿಯಲ್ಲಿ ಕೂರುವವರಿಗೆ ಏನು ಹೇಳುವುದು ಎಂದುಕೊಂಡೆ.

ಗಿರಿಜಾ ನನ್ನ ಪಕ್ಕದಲ್ಲಿ ಕೂತಿದ್ದಳು. ತಲೆಗೆ ಸೆರಗು ಸುತ್ತಿಕೊಂಡಿದ್ದಳು. ನನಗೆ ಮಾತು ಉಕ್ಕಿ ಬಂತು. ಎಷ್ಟು ನಿಶ್ಶಬ್ದ ನೋಡು ಎಂದೆ. ಒಂದು ಎಲೆ ಬಿದ್ದರೂ ಕೇಳಿಸಬೇಕು, ಇಲ್ಲಿಯ ಹಕ್ಕಿಗಳಿಗೂ ಮರ್ಯಾದೆ ಕಲಿಸಿದ್ದಾರೆ, ಇಂಥ ಶಾಂತಿ ನಮ್ಮೂರಿನಲ್ಲಿ ಏಳು ಜನ್ಮಕ್ಕೂ ಸಿಗುವುದಿಲ್ಲ. ಇನ್ನೂ ಏನೇನೋ ಹೇಳಿದೆ. ಅವಳು ನನ್ನ ಮುಖ ನೋಡುತ್ತಲೇ ಇದ್ದಳು.

ಆಗ ಮಾಲಿ ಬಂದಳು. ಇನ್ನೂ ಹೊರಗೇ ನಿಂತಿದ್ದ ನಮ್ಮ ಟೂರ್ ಮ್ಯಾನೇಜರಿಗೆ ಏನೋ ಹೇಳಬೇಕಿತ್ತು. ಅವನ ಕಿವಿಯ ಹತ್ತಿರ ಬಾಯಿ ತಂದು, ಎರಡೂ ಕೈ ಅಡ್ಡ ಹಿಡಿದು, ಕುತ್ತಿಗೆಯ ನರ ಉಬ್ಬಿಸಿ ಹೇಳಿದಳು. ಅವನು ತಲೆ ಅಲ್ಲಾಡಿಸಿದ, ಅವಳು ಮತ್ತೆ ಹೇಳಿದಳು. ಅವಳು ಕೂಗುತ್ತಿದ್ದಳು. ಇಷ್ಟು ದಿನ ಒಂದು ಸಲವೂ ದನಿ ಏರಿಸದ ಹೆಣ್ಣುಮಗಳು, ಎಲೆ ಬಿದ್ದರೂ ಕೇಳಿಸುವ ಜಾಗದಲ್ಲಿ ಯಾಕೆ ಕೂಗುತ್ತಿದ್ದಾಳೆ?

ಒರಗಿದ್ದವನು ಎದ್ದು ಕೂತೆ.

“ಇಲ್ಲಿ ಸದ್ದೈತೇನು?” ಎಂದು ಗಿರಿಜಾಳನ್ನು ಕೇಳಿದೆ.

ಅವಳು ಗೆದ್ದೆನೆಂದು ನಗಲಿಲ್ಲ. ನನ್ನ ಕೈ ಹಿಡಿದು ಮರದ ಹತ್ತಿರ ಕರೆದುಕೊಂಡು ಹೋಗಿ, ಕಾಂಡದ ಮೇಲೆ ಬೆರಳು ತೋರಿಸಿದಳು. ಹೆಬ್ಬೆರಳಿನಷ್ಟು ದೊಡ್ಡ ಜೀರುಂಡೆ ಕೂತಿತ್ತು. ಅದರ ಹೊಟ್ಟೆ ಗಡಗಡ ನಡುಗುತ್ತಿತ್ತು. ಜೀವ ಹೋಗುವ ಹಾಗೆ ಅದು ಕ್ರೀಂ ಎಂದು ಚೀರುತ್ತಿತ್ತಂತೆ, ನನ್ನ ಮೂಗಿನಿಂದ ಒಂದು ಗೇಣು ದೂರದಲ್ಲಿ. ಮೇಲೆ ನೋಡಿದರೆ ಕೊಂಬೆಕೊಂಬೆಗೂ ಅವೇ. ನಮ್ಮವರು ಒಳಗೆ ಓಡಿದ್ದು ಆ ಚೀರಾಟ ತಾಳಲಾರದೆ. ನಾನು ಕಾಂಡಕ್ಕೆ ಕಿವಿ ಹಚ್ಚಿದೆ. ಏನೂ ಇಲ್ಲ. ನದಿಯ ಮೇಲೆ ಹೋಗುವ ದೋಣಿಯ ಗುಡುಗುಡು ಸದ್ದು ಕೇಳಿಸುತ್ತಿತ್ತು, ಮ್ಯಾನೇಜರನ ದಪ್ಪ ದನಿ ಕೇಳಿಸುತ್ತಿತ್ತು, ಆ ಹುಳುವಿನದು ಮಾತ್ರ ಇಲ್ಲ.

ಬಾಗಿಲು ಕುಂಯ್ ಎಂದದ್ದೂ ನಿಜ ಎಂದು ಗಿರಿಜಾ ಹೇಳಿದಳು, ಈಗ ನನ್ನ ಕಿವಿಯ ಹತ್ತಿರ ಬಂದು. ಇನ್ನೊಂದನ್ನೂ ಹೇಳಿದಳು. ನಾನು ಬಜಾರಿಗೆ ಹೊರಟ ಮೇಲೆ ಅವಳು ಹಿಂತಿರುಗಿ ನೋಡಿದಳಂತೆ. ಕಿತ್ತಳೆ ಅಂಗಿಯವನು ತನ್ನ ಹಾರ್ನಿನ ಸ್ಕ್ರೂವನ್ನು ಮೊದಲಿದ್ದಲ್ಲಿಗೇ ತಿರುಗಿಸುತ್ತಿದ್ದನಂತೆ.

ಕುರ್ಚಿಗೆ ವಾಪಸು ಬಂದು ಕೂತೆ. ಕಿವಿ ಹೋದದ್ದಕ್ಕಿಂತ ಬೇರೊಂದು ಯೋಚನೆ ಕಾಡತೊಡಗಿತು. ನಾನು ಹಾರ್ನನ್ನು ತಿರುಗಿಸುತ್ತಿದ್ದದ್ದು ನನಗೆ ಸರಿ ಅನ್ನಿಸುವವರೆಗೆ. ನನ್ನ ಕಿವಿ ವರ್ಷವರ್ಷ ಒಂದೊಂದು ಎಳೆ ಕುಗ್ಗಿದಂತೆ ನನ್ನ ಕೈ ಒಂದೊಂದು ಎಳೆ ಹೆಚ್ಚು ತಿರುಗಿಸಿದೆ. ದಾವಣಗೆರೆಯ ಆಟೊ, ಬೈಕು, ಸ್ಕೂಟಿ, ಶಾಲೆಯ ವ್ಯಾನು, ಎಲ್ಲದರ ಗಂಟಲನ್ನೂ ಒಬ್ಬ ಕಿವುಡನ ಅಳತೆಗೆ ಹೊಂದಿಸಿ ಬಿಟ್ಟಿದ್ದೆ. ಊರಿನ ಗದ್ದಲದಿಂದ ಕೇಳಿಸುವುದಿಲ್ಲ ಎನ್ನುತ್ತಿದ್ದೆನಲ್ಲ, ಆ ಗದ್ದಲದಲ್ಲಿ ನನ್ನ ಕೈಕೆಲಸ ಎಷ್ಟಿತ್ತೋ. ನನಗೆ ಅಳು ಬಂತು. ಸ್ವಲ್ಪ ಅತ್ತೂಬಿಟ್ಟೆ.

“ಹೋಗ್ಲಿ ಬಿಡ್ರಿ,” ಎಂದಳು ಗಿರಿಜಾ. “ಕಿವಿ ತಾನೆ. ನೀವು ಇದ್ದೀರಲ್ಲ.”

ಎಂ.ಸಿ.ಸಿ. ಬಡಾವಣೆ

ಊರಿಗೆ ಬಂದ ಮಾರನೆಯ ದಿನ ಮಾತು ತಪ್ಪದೆ ಅವಳ ಹಿಂದೆ ಹೋದೆ. ಈ ಬಡಾವಣೆಯ ಕಿವಿ ಡಾಕ್ಟರಮ್ಮ ನನ್ನನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿಸಿದಾಗ ಒತ್ತಿ ಎಂದು ಕೈಗೊಂದು ಗುಂಡಿ ಕೊಟ್ಟರು. ಒತ್ತುವುದೇ ಕಸುಬಾದವನ ಕೈಗೆ ಗುಂಡಿ ಕೊಟ್ಟರೆ ಕೇಳಬೇಕೆ? ಕೇಳಿಸಿದರೂ ಒತ್ತಿದೆ, ಕೇಳಿಸದಿದ್ದರೂ ಒತ್ತಿದೆ. ನಾನಿನ್ನೂ ಸದ್ದೇ ಬಿಟ್ಟಿಲ್ಲ ಯಜಮಾನರೇ ಎಂದು ಅವರು ಬಾಗಿಲು ತೆಗೆದು ಹೇಳಿದರು. ಎರಡನೆಯ ಸಲ ಪ್ರಾಮಾಣಿಕನಾಗಿ ಒತ್ತಿದೆ. ಬಹಳ ಹೊತ್ತು ಒತ್ತುವ ಪ್ರಸಂಗವೇ ಬರಲಿಲ್ಲ. ದಪ್ಪ ದನಿಗಳು ಉಳಿದಿವೆ, ತೆಳು ದನಿಗಳು ಹೋಗಿವೆ ಎಂದರು. ಹೋದದ್ದು ವಾಪಸು ಬರುವುದಿಲ್ಲ, ಮಷೀನು ಹಾಕಿಕೊಂಡರೆ ಕೆಲಸ ನಡೆಯುತ್ತದೆ ಎಂದೂ ಹೇಳಿದರು.

ವಾರದ ಮೇಲೆ ಎರಡೂ ಕಿವಿಗೆ ಮಷೀನು ಬಂತು. ಹಾಕಿಕೊಂಡು ಹೊರಗೆ ಬಂದೆ. ಚಪ್ಪಲಿಯ ಸದ್ದು, ಗಿರಿಜಾಳ ಬಳೆಯ ಸದ್ದು, ರಸ್ತೆ ಬದಿಯ ಗಾಡಿಯಲ್ಲಿ ಎಣ್ಣೆಗೆ ಬಿದ್ದ ಮೆಣಸಿನಕಾಯಿಯ ಚುಂಯ್. ಏನು ಚಂದ ಎಂದು ಮೈಮರೆತು ನಿಂತಿದ್ದೆ. ಅಷ್ಟರಲ್ಲಿ ಬೆನ್ನ ಹಿಂದೆ ಒಂದು ಸ್ಕೂಟಿ ಹಾರ್ನ್ ಹೊಡೆಯಿತು. ನಾನು ಗಿರಿಜಾಳ ತೋಳು ಹಿಡಿದು ಚರಂಡಿಯ ಕಲ್ಲಿನ ಮೇಲೆ ಹಾರಿದೆ. ನೆತ್ತಿಯಲ್ಲಿ ಮೊಳೆ ಹೊಡೆದ ಹಾಗಾಯಿತು. ಸ್ಕೂಟಿಯವರು ಹಲ್ಲು ಕಿರಿದು, ನೀವೇ ಸರಿ ಮಾಡಿಕೊಟ್ಟಿದ್ದು ಡಾಕ್ಟ್ರೇ, ಇನ್ನೂ ಹಂಗೇ ಐತೆ ಎಂದು ಹೇಳಿ ಹೋದರು.

ಅಂಗಡಿಗೆ ಬಂದು, ಇನ್ನು ಮುಚ್ಚಿಟ್ಟು ಏನು ಪ್ರಯೋಜನ ಎಂದು ಧೈರ್ಯ ಮಾಡಿ, ರಫೀಕ್ ಸಾಹೇಬರಿಗೆ ಕಿವಿ ತೋರಿಸಿದೆ. ಅವರು ಟಯರ್ ಬಿಚ್ಚುವುದನ್ನೂ ನಿಲ್ಲಿಸಲಿಲ್ಲ.

“ಅಣ್ಣಾ, ನಿಮಗೆ ಕೇಳ್ಸಲ್ಲ ಅಂತ ಇಡೀ ಊರಿಗೆ ಗೊತ್ತೈತೆ. ನಿಮ್ಮ ಹಾರ್ನ್ ಕೇಳಿದ್ಮೇಲೆ ಯಾರಿಗೆ ಡೌಟ್ ಇರುತ್ತೆ?”

ಎರಡು ವರ್ಷ ನಾನು ಕಾಪಾಡಿಕೊಂಡು ಬಂದ ಗುಟ್ಟನ್ನು ನನ್ನ ಹಾರ್ನುಗಳೇ ಓಣಿ ಓಣಿಗೆ ಹೋಗಿ ಸಾರಿದ್ದವು. ಸಿಟ್ಟು ಬರಬೇಕಿತ್ತು, ನಗು ಬಂತು. ಗೊತ್ತಿದ್ದೂ ಜನ ಅಂಗಡಿಗೆ ಬರುತ್ತಲೇ ಇದ್ದರು ಎಂಬುದು ಆಮೇಲೆ ಹೊಳೆಯಿತು. ಅವರಿಗೆ ಜೋರಾದ ಹಾರ್ನ್ ಬೇಕಿತ್ತು, ಅದಕ್ಕೆ ಕಿವುಡ ಡಾಕ್ಟರಿಗಿಂತ ಒಳ್ಳೆಯವನು ಸಿಗುತ್ತಿರಲಿಲ್ಲ.

ಈಗ ಅಂಗಡಿಯ ಮುಂದೆ ಒಂದು ಬೋರ್ಡು ಹಾಕಿದ್ದೇನೆ: ಇಲ್ಲಿ ಹಾರ್ನಿನ ದನಿ ತಗ್ಗಿಸಿ ಕೊಡಲಾಗುವುದು. ಮೊದಲ ದಿನ ಬಂದವರೆಲ್ಲ ಬೋರ್ಡಿನ ಫೋಟೊ ತೆಗೆದುಕೊಂಡು ಹೋದರು. ಕೆಲವು ಗಿರಾಕಿಗಳು ಬೇರೆ ಅಂಗಡಿ ಹಿಡಿದರು. ಶಾಲೆಯ ಮಕ್ಕಳನ್ನು ಬಿಡುವ ಆಟೊದವರೊಬ್ಬರು ಮಾತ್ರ ಬಂದು, ಮಕ್ಕಳು ಬೆಳಗ್ಗೆ ಬೆಳಗ್ಗೆ ಹೆದರುತ್ತಾರೆ, ಸ್ವಲ್ಪ ತಗ್ಗಿಸಿ ಎಂದರು. ಮಷೀನು ಹಾಕಿಕೊಂಡು, ಒತ್ತಿ, ಕೇಳಿ, ಹಿಂದಕ್ಕೆ ತಿರುಗಿಸಿದೆ. ವಾರಕ್ಕೆ ಇಬ್ಬರು ಮೂವರು ಹಾಗೆ ಬರುತ್ತಿದ್ದಾರೆ. ನನ್ನ ಸ್ಕೂಟರಿನದನ್ನು ಎಲ್ಲಕ್ಕಿಂತ ಮೊದಲೇ ತಗ್ಗಿಸಿದ್ದೆ.

ಹರಿಹರ

ಭಾನುವಾರ ಬೆಳಗ್ಗೆ ಗಿರಿಜಾಳ ಅಕ್ಕನಿಗೆ ಬ್ಯಾಂಕಾಕಿನಿಂದ ತಂದ ರೇಷ್ಮೆ ಬಟ್ಟೆ ಕೊಡಲು ಹರಿಹರಕ್ಕೆ ಹೊರಟೆವು. ಸ್ಕೂಟರಿನ ಹಿಂದೆ ಕೂತ ಗಿರಿಜಾ ಎಂದಿನಂತೆ ನನ್ನ ಕಿವಿಗೆ ಬಾಯಿಟ್ಟು, ಎಣ್ಣೆ ಹಾಕ್ಸಿದ್ರೇನು ಎಂದು ಕೂಗಿದಳು. ಮಷೀನು ಕಿರ್ರೆಂದಿತು. ಗಾಡಿ ನಿಲ್ಲಿಸಿ, ಇನ್ನು ಕೂಗಬೇಡ, ಕೇಳಿಸುತ್ತದೆ ಎಂದೆ. ಅವಳು ನಂಬಿದ ಹಾಗೆ ಕಾಣಲಿಲ್ಲ.

ಹರಿಹರದಲ್ಲಿ ಅಕ್ಕನ ಮನೆಗೆ ಹೋಗುವ ಮೊದಲು ಗುಡಿಗೆ ಹೋಗಿ, ಹೊಳೆಯ ಮೆಟ್ಟಿಲ ಮೇಲೆ ಕೂತೆವು. ಬೇಸಿಗೆಯ ತುಂಗಭದ್ರೆ ಸಣ್ಣಗಾಗಿದ್ದಳು. ದೂರದ ಸೇತುವೆಯ ಮೇಲೆ ಲಾರಿಗಳ ಹಾರ್ನು ಇದ್ದೇ ಇತ್ತು, ಆದರೂ ಮೆಟ್ಟಿಲ ಹತ್ತಿರ ನೀರಿನ ಸದ್ದೂ ಕೇಳಿಸುತ್ತಿತ್ತು. ಗಿರಿಜಾ ಎದ್ದು ನನ್ನ ಹಿಂದೆ ಹತ್ತು ಮೆಟ್ಟಿಲು ಮೇಲೆ ಹೋಗಿ ನಿಂತಳು. ತಿರುಗಬ್ಯಾಡ್ರಿ ಎಂದಳು. ನಾನು ಹೊಳೆಯ ಕಡೆಗೇ ಮುಖ ಮಾಡಿ ಕೂತೆ.

ಮೆತ್ತಗೆ, ಮುದುಕಪ್ಪ ಎಂದಳು. ನೀನೇ ಮುದುಕಿ ಎಂದೆ. ಜಿಪುಣ ಎಂದಳು. ಬ್ಯಾಂಕಾಕ್ ತೋರಿಸಿದವನಿಗೆ ಜಿಪುಣ ಅಂತೀಯಲ್ಲ ಎಂದೆ. ಅವಳು ನಕ್ಕಳು, ಆ ನಗುವೂ ಕೇಳಿಸಿತು. ಇಷ್ಟು ವರ್ಷ ಹಿಂದಿನಿಂದ ಬೇಕಾದ್ದು ಬೈದುಕೊಂಡು ಆರಾಮವಾಗಿದ್ದೆ, ಇನ್ನು ಆ ಸುಖವೂ ಹೋಯಿತು ಎಂದಳು.

ಅವಳು ಮತ್ತೆ ಮಾತಾಡಿದಾಗ ದನಿ ಇನ್ನೂ ಕೆಳಗಿಳಿದಿತ್ತು.

“ನಿಮಗೆ ಕೇಳ್ಸಲ್ಲ ಅಂತ ನನಗೆ ಬ್ಯಾಸರ ಇರ್ಲಿಲ್ಲ. ಕೂಗಿ ಕೂಗಿ ನಾನು ಗಯ್ಯಾಳಿ ಆದೆ. ಓಣಿಯಾಗ ಎಲ್ರೂ ಹಂಗೇ ಅಂತಾರೆ. ಅದೊಂದೇ ಬ್ಯಾಸರ.”

ಮದುವೆಯಾದ ಹೊಸದರಲ್ಲಿ ಅವಳ ದನಿ ಹೇಗಿತ್ತು ಎಂದು ನನಗೆ ನೆನಪಿತ್ತು. ಆಮೇಲೆ ಎಷ್ಟೋ ವರ್ಷ ನಾನು ಕೇಳಿದ್ದು ಅವಳ ಕೂಗನ್ನು ಮಾತ್ರ. ಕೂಗಿನಲ್ಲಿ ವಯಸ್ಸು ಗೊತ್ತಾಗುವುದಿಲ್ಲ. ಈಗ ಕೇಳಿಸಿದ ದನಿಗೆ ವಯಸ್ಸಾಗಿತ್ತು, ಅಂಚಿನಲ್ಲಿ ಸ್ವಲ್ಪ ನಡುಗುತ್ತಿತ್ತು. ಆ ದನಿಗೆ ಅಷ್ಟು ವಯಸ್ಸಾಗುವಾಗ ನಾನು ಅದರ ಜೊತೆಗೇ ಇದ್ದೆ, ಒಂದು ದಿನವೂ ಕೇಳಿರಲಿಲ್ಲ.

ನಾನು ತಿರುಗಲಿಲ್ಲ. ಹೊಳೆಯನ್ನೇ ನೋಡುತ್ತ ಕೂತಿದ್ದೆ. ಅವಳು ಮೆಟ್ಟಿಲು ಇಳಿದು ಬಂದು ನನ್ನ ಪಕ್ಕದಲ್ಲಿ ಕೂತು, ಇದು ಕೇಳಿಸಲಿಲ್ಲವೇನು ಎಂದು ಸೋತವಳಂತೆ ಕೇಳಿದಳು.

“ಕೇಳಿಸ್ತು,” ಎಂದೆ. “ಇನ್ನೊಂದ್ಸಲ ಹೇಳು. ಅಷ್ಟೇ ಮೆತ್ತಗೆ.”